ಚಂದ್ರಗಿರಿಯ ಅಳಿವೆಯ ಹಕ್ಕಿಗಳು

ಮಳೆಗಾಲದ ಕೆನ್ನೀರು ಇಳಿದು ಹೊಳೆಯು ತಿಳಿಯಾಗುವ ಶರದೃತುವು ಹಕ್ಕಿ ನೋಡುವವರಿಗೆ ಸುಗ್ಗಿಯ ಕಾಲ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಸೀಮೆಯಲ್ಲಿ ಪಯಸ್ವಿನಿಯೆನಿಸಿ, ನಮ್ಮ ಕಾಸರಗೋಡಿಗೆ ಬರುವಷ್ಟರಲ್ಲಿ ಚಂದ್ರಗಿರಿಯಾಗುವ ಹೊಳೆಯು ತಳಂಗರೆಯ ಬಳಿ ಕಡಲನ್ನು ಸೇರುತ್ತದೆ. ದಕ್ಷಿಣದ ದಡದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದ ಕೋಟೆಯಿದೆ. ಅದರ ಪಶ್ಚಿಮಕ್ಕೆ ಸಿಹಿನೀರೂ ಉಪ್ಪುನೀರೂ ಕೂಡುವ ಅಳಿವೆ. ತುಳುವರ ಬೊಂತೆಲ್ ತಿಂಗಳಲ್ಲಿ, ಎಂದರೆ ತುಲಾಮಾಸದಲ್ಲಿ, ಇಲ್ಲಿ ಒಂದು ಮುಂಜಾವನ್ನು ಕಳೆದವರಿಗೆ ಕಣ್ಣು ಸಾಲದು.

ಉಬ್ಬರ ಇಳಿದು ಕೆಸರು ಬಯಲಾಗುವ ಹೊತ್ತೇ ನೋಡುವುದಕ್ಕೆ ಯೋಗ್ಯವಾದುದು. ಹೊಳೆ ಹೊತ್ತುತಂದ ಮೆಕ್ಕಲಿನಲ್ಲಿ ಹುಳು, ಏಡಿ, ಚಿಪ್ಪುಜೀವಿಗಳು ತುಂಬಿರುತ್ತವೆ. ಬಾಗಿದ ಉದ್ದ ಕೊಕ್ಕಿನ ದೊಡ್ಡ ಗೊರವವು ಆಳಕ್ಕೆ ಚುಚ್ಚಿ ತೆಗೆಯುವುದು. ಗಿಡ್ಡ ಕೊಕ್ಕಿನ ಸಣ್ಣ ಹಕ್ಕಿಗಳು ಮೇಲ್ಮೈಯಲ್ಲಿ ಓಡಾಡಿ ಹೆಕ್ಕುವುವು. ಕೊಕ್ಕಿನ ಅಳತೆ ಬೇರೆಯಾದುದರಿಂದ ಒಂದೇ ಎಲೆಯಲ್ಲಿ ಉಂಡರೂ ಜಗಳವಿಲ್ಲ. ದಡದಲ್ಲಿ ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆಗಳು ಊರವರು. ಕಂದುತಲೆಯ ಕಡಲಕ್ಕಿಯಾದರೋ ಲಡಾಖ್, ಟಿಬೆಟ್ಟಿನ ಸರೋವರಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಇಲ್ಲಿಗೆ ಇಳಿಯುವ ಅತಿಥಿ.

ಬೇಟೆಯ ಹಕ್ಕಿಗಳನ್ನೆಲ್ಲ ನಾವು ‘ಹದ್ದು’ ಎಂಬ ಒಂದೇ ಹೆಸರಿನಿಂದ ಕರೆದು ಸುಮ್ಮನಾಗುತ್ತೇವೆ. ಬಾಲ ಕವಲಾಗಿದ್ದರೆ ಅದು ಕರಿಹದ್ದು. ಇಟ್ಟಿಗೆಗೆಂಪು ಮೈ, ಬಿಳಿಯ ತಲೆ ಎದೆಗಳಿದ್ದರೆ ಗರುಡ. ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೆಡೆ ನಿಂತು, ಕಾಲು ಮುಂದುಮಾಡಿ ಧುಮುಕುವುದು ಮೀನುಗಿಡುಗ. ಅದರ ಹೊರಬೆರಳು ಹಿಂದಕ್ಕೂ ತಿರುಗಬಲ್ಲದು, ಅಂಗಾಲಿನಲ್ಲಿ ಮುಳ್ಳಿನಂಥ ಹುರುಪೆಗಳಿವೆ. ಜಾರುವ ಮೀನೂ ತಪ್ಪಿಸಿಕೊಳ್ಳಲಾರದು. ಹಿಡಿದ ಮೀನಿನ ತಲೆಯನ್ನು ಮುಂದಾಗಿಸಿ ಒಯ್ಯುವುದರಿಂದ ಗಾಳಿಯ ತಡೆ ಕಡಿಮೆ. ಇದೂ ಬಡಗಣ ದೇಶಗಳಿಂದ ಬರುವ ವಲಸೆಗಾರನೇ.

ಇವರೆಲ್ಲರಿಗೂ ಹಿರಿಯ, ಬಿಳಿಹೊಟ್ಟೆಯ ಕಡಲ ಹದ್ದು. ಹರವಿದ ರೆಕ್ಕೆಗಳ ಅಳತೆ ಸುಮಾರು 2 ಮೀಟರ್. ಮೀನಲ್ಲದೆ ಕಡಲ ಹಾವನ್ನೂ ಹಿಡಿದು ತಿನ್ನುವುದು. ಜೋಡಿಯು ವರ್ಷವರ್ಷವೂ ಹಳೆಯ ಗೂಡಿಗೇ ಮರಳಿ, ಕಡ್ಡಿ ಸೇರಿಸಿ, ಸಾಮಾನ್ಯವಾಗಿ 2 ಮೊಟ್ಟೆಯಿಡುತ್ತದೆ. ಕೇರಳದಲ್ಲಿ ಇದರ ಗೂಡುಗಳು ಬಹುಮಟ್ಟಿಗೆ ಉತ್ತರದ ಕರಾವಳಿಯಲ್ಲೇ ಇವೆ. ಕಾಸರಗೋಡು ಜಿಲ್ಲೆಯು 2023ರಲ್ಲಿ ಇದನ್ನೇ ತನ್ನ ಜಿಲ್ಲಾಪಕ್ಷಿಯೆಂದು ಸಾರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷೆಯೂ ಇದಕ್ಕುಂಟು.

ಆದರೆ ಗೂಡಿಗೆ ಬೇಕಾದುದು ಎತ್ತರದ ಹಳೆಯ ಮರ. ಅಂಥ ಮರಗಳಲ್ಲಿ ಅನೇಕವು ಖಾಸಗಿ ಹಿತ್ತಿಲುಗಳಲ್ಲಿವೆ. ಮನೆ ಕಟ್ಟಲೆಂದೋ ಮರದ ಬೆಲೆಗೆಂದೋ ಕೊಡಲಿ ಬಿದ್ದರೆ, ಹತ್ತಾರು ವರ್ಷದ ಮನೆತನವೇ ಬೀದಿಗೆ ಬೀಳುವುದು. ವಿಷದ ಭಯವೂ ಇದೆ. ಗದ್ದೆ ತೋಟಗಳಿಗೆ ಹೊಡೆದ ಕೆಲವು ವಿಷಗಳು ಹುಳುವಿನಿಂದ ಮೀನಿಗೆ, ಮೀನಿನಿಂದ ಹದ್ದಿಗೆ ಏರುತ್ತ ಸಾಂದ್ರವಾಗುತ್ತವೆ. ಡಿ.ಡಿ.ಟಿ.ಯಿಂದ ಮೀನುಗಿಡುಗದ ಮೊಟ್ಟೆಯ ಚಿಪ್ಪು ತೆಳುವಾದುದು ಅಮೆರಿಕದಲ್ಲಿ ಸಿದ್ಧಪಟ್ಟ ಸಂಗತಿ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ತಡೆಯುವವರೆಗೆ ನಮ್ಮ ಜಿಲ್ಲೆಯು ಪಟ್ಟ ಪಾಡನ್ನು ಬಲ್ಲ ನಮಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತಿದೆ. ಮಲೆಯಾಳದ ‘ವೆಳ್ಳವಯರನ್ ಕಡಲ್ಪರುಂದ್’ ಎಂಬುದಕ್ಕೂ ನಮ್ಮ ‘ಬಿಳಿಹೊಟ್ಟೆಯ ಕಡಲ ಹದ್ದಿ’ಗೂ ಅರ್ಥ ಒಂದೇ. ಎರಡೂ ಭಾಷೆ ಬಲ್ಲ ಮಕ್ಕಳಿಗೆ ಎರಡೂ ಹೆಸರು ಸಿಗಬೇಕು. ಗೊರವ, ಮಿಂಚುಳ್ಳಿ, ಗಿಡುಗ ಎಂಬ ಮಾತುಗಳು ಪುಸ್ತಕದಲ್ಲಷ್ಟೇ ಉಳಿದರೆ, ಹಕ್ಕಿ ಎದುರಿಗಿದ್ದೂ ಕಾಣದಂತಾಗುವುದು. ಹೆಸರು ತಿಳಿದ ವಸ್ತುವನ್ನು ಕಳೆದುಕೊಳ್ಳಲು ಯಾರಿಗೂ ಮನಸ್ಸು ಬಾರದು.

ಆದುದರಿಂದ ರಜೆಯ ಒಂದು ಬೆಳಗ್ಗೆ ಮಕ್ಕಳನ್ನು ಕರೆದುಕೊಂಡು ಅಳಿವೆಗೆ ಹೋಗೋಣ. ದುರ್ಬೀನು ಇದ್ದರೆ ಲೇಸು, ಇಲ್ಲದಿದ್ದರೂ ಅಡ್ಡಿಯಿಲ್ಲ. ದೂರದಲ್ಲಿ ಕುಳಿತು ನೋಡೋಣ; ಗೂಡಿನ ಬಳಿ ಸುಳಿಯುವುದು ಬೇಡ. ಕಂಡುದನ್ನು ತಾರೀಕು ಸಹಿತ ಕನ್ನಡದಲ್ಲಿ ಬರೆದಿಡಲಿ. ಹಿತ್ತಿಲಲ್ಲಿ ಗೂಡಿರುವ ಮರವುಳ್ಳ ವಾಚಕರಿದ್ದರೆ, ಆ ಮರವನ್ನು ಉಳಿಸಿಕೊಳ್ಳಬೇಕೆಂದು ನಮ್ಮ ವಿನಂತಿ.