ಅರ್ಧ ಇಂಚಿನ ಪಟ್ಟಿಯ ಮೇಲೆ ಮೂರು ಗಂಟೆಯ ಸಿನಿಮಾ

1980ರಿಂದ 2000ದವರೆಗಿನ ಎರಡು ದಶಕಗಳಲ್ಲಿ ಬೆಳೆದ ತಲೆಮಾರಿಗೆ, ಬೇಕಾದ ಸಿನಿಮಾವನ್ನು ಬೇಕಾದ ಹೊತ್ತಿನಲ್ಲಿ ಮನೆಯಲ್ಲೇ ಕುಳಿತು ಪೂರ್ತಿಯಾಗಿ ನೋಡುವುದೆಂದರೆ ವಿಡಿಯೊ ಕ್ಯಾಸೆಟ್ ಹಾಕಿ ನೋಡುವುದೆಂದೇ ಅರ್ಥವಾಗಿತ್ತು. ಆ ದಿನಗಳನ್ನು ಅಕ್ಕರೆಯಿಂದ ನೆನೆಯುವವರೆಲ್ಲರೂ ಹೆಚ್ಚುಕಡಿಮೆ ಒಂದೇ ಬಗೆಯ ವಿವರಗಳನ್ನು ಹೇಳುತ್ತಾರೆ: ತೆರೆಯ ಮೇಲೆ ಇದ್ದಕ್ಕಿದ್ದಂತೆ ಹಾಯುವ ಬಿಳಿಯ ಗೀರುಗಳು, ಟ್ರ್ಯಾಕಿಂಗ್ ಗುಂಡಿಯನ್ನು ಅತ್ತಿತ್ತ ತಿರುಗಿಸಿ ಚಿತ್ರವನ್ನು ಸರಿಪಡಿಸುವ ಕೆಲಸ, ಪಾಜ್ ಒತ್ತಿದಾಗ ನಡುಗುವ ಮುಖಗಳು, ನಾಯಕಿಯ ಸೀರೆಯಿಂದ ಆಚೆಗೆ ಹರಿದುಹೋಗುವ ಕೆಂಪು ಬಣ್ಣ, ಉದ್ದದ ಸಿನಿಮಾ ಆದರೆ ನಡುವೆ ಎದ್ದು ಎರಡನೆಯ ಕ್ಯಾಸೆಟ್ ಹಾಕುವುದು, ಮುಗಿದ ಮೇಲೆ ರಿವೈಂಡ್ ಆಗುವವರೆಗೆ ಕಾಯುವುದು. ಇವೆಲ್ಲ ಬಿಡಿಬಿಡಿ ದೋಷಗಳಂತೆ ಕಂಡರೂ ಯಂತ್ರದ ಒಳರಚನೆಯನ್ನು ಪರಿಶೀಲಿಸಿದಾಗ ಇವುಗಳ ಮೂಲ ಒಂದೇ ಎಂದು ತಿಳಿಯುತ್ತದೆ. ಬಹಳ ದೀರ್ಘವಾದ ಕಾಲವನ್ನು ಬಹಳ ಗಿಡ್ಡವಾದ ಪಟ್ಟಿಯೊಂದರ ಮೇಲೆ ಕೂರಿಸುವ ಸಮಸ್ಯೆಯನ್ನು ಎಂಜಿನಿಯರುಗಳು ಹೇಗೆ ಬಿಡಿಸಿದರೋ ಅದರ ಗುರುತುಗಳೇ ನೋಡುಗರ ನೆನಪುಗಳಾಗಿ ಉಳಿದಿವೆ.

ಸಮಸ್ಯೆಯ ಗಾತ್ರ ಅರಿಯಬೇಕಾದರೆ ಮೊದಲು ಧ್ವನಿಯ ಮುದ್ರಣವನ್ನು ಗಮನಿಸಬೇಕು. ಕಾಂತೀಯ ಟೇಪು ಎಂದರೆ ತೆಳುವಾದ ಪಾಲಿಯೆಸ್ಟರ್ ಪಟ್ಟಿ. ಅದರ ಒಂದು ಮೈಗೆ ಕಬ್ಬಿಣದ ಆಕ್ಸೈಡಿನಂತಹ ಕಾಂತವಸ್ತುವಿನ ಸೂಕ್ಷ್ಮ ಕಣಗಳನ್ನು ಅಂಟಿನಲ್ಲಿ ಬೆರೆಸಿ ಬಳಿದಿರುತ್ತಾರೆ. ಹೆಡ್ ಎಂಬುದು ನಡುವೆ ಕೂದಲೆಳೆಗಿಂತಲೂ ಕಿರಿದಾದ ಸಂದು ಇರುವ ಪುಟ್ಟ ವಿದ್ಯುತ್ಕಾಂತ; ಟೇಪು ಅದನ್ನು ಉಜ್ಜಿಕೊಂಡು ಹೋಗುವಾಗ ವಿದ್ಯುತ್ ಸಂಕೇತದ ಏರಿಳಿತಗಳು ಕಣಗಳ ಕಾಂತತೆಯ ಏರಿಳಿತಗಳಾಗಿ ಪಟ್ಟಿಯ ಮೇಲೆ ಉಳಿಯುತ್ತವೆ. ಸಂಕೇತದ ಆವರ್ತನ, ಅಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬ ಎಣಿಕೆ, ಹೆಚ್ಚಾದಷ್ಟೂ ಅಲೆಗಳು ಪಟ್ಟಿಯ ಮೇಲೆ ಒತ್ತೊತ್ತಾಗಿ ಬೀಳುತ್ತವೆ. ಒಂದು ಮಿತಿ ಮೀರಿ ಒತ್ತಾದರೆ ಹೆಡ್ಡಿನ ಸಂದು ಅವನ್ನು ಬಿಡಿಸಿ ಓದಲಾರದು. ಮನುಷ್ಯನ ಕಿವಿ ಗ್ರಹಿಸುವ ಧ್ವನಿಯ ಆವರ್ತನ ಹೆಚ್ಚೆಂದರೆ 20,000 ಹರ್ಟ್ಸ್ ಆದ್ದರಿಂದ ಆಡಿಯೊ ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ನಿಧಾನವಾಗಿ ಸಾಗಿದರೂ ಹಾಡು ಕೇಳಿಸುತ್ತದೆ. ಟಿವಿ ಚಿತ್ರದ ಸಂಕೇತವಾದರೋ 50 ಲಕ್ಷ ಹರ್ಟ್ಸ್‌ವರೆಗೆ ಏರುತ್ತದೆ. ಅದನ್ನು ಹಿಡಿಯಲು ಟೇಪು ಮತ್ತು ಹೆಡ್ ಪರಸ್ಪರ ಸೆಕೆಂಡಿಗೆ ಹಲವು ಮೀಟರ್ ವೇಗದಲ್ಲಿ ಉಜ್ಜಿಕೊಂಡು ಸಾಗಬೇಕಾಗುತ್ತದೆ.

ಬ್ರಿಟನ್ನಿನ ಬಿಬಿಸಿ ಸಂಸ್ಥೆ 1950ರ ದಶಕದಲ್ಲಿ ಈ ಸಮಸ್ಯೆಯನ್ನು ನೇರವಾಗಿಯೇ ಎದುರಿಸಿತು. ‘ವೆರಾ’ ಎಂಬ ಅದರ ಯಂತ್ರದಲ್ಲಿ ಟೇಪು ಸೆಕೆಂಡಿಗೆ ಸುಮಾರು 5 ಮೀಟರ್ ಓಡುತ್ತಿತ್ತು. ಅರ್ಧ ಮೀಟರಿಗೂ ಹೆಚ್ಚು ಅಗಲವಾದ ಸುರುಳಿಯೊಂದು ಹದಿನೈದು ನಿಮಿಷಕ್ಕೆ ಮುಗಿದುಹೋಗುತ್ತಿತ್ತು. 1956ರಲ್ಲಿ ಅಮೆರಿಕದ ಆಂಪೆಕ್ಸ್ ಕಂಪನಿ ಬೇರೊಂದು ದಾರಿ ಹಿಡಿಯಿತು. ಚಾರ್ಲ್ಸ್ ಗಿನ್ಸ್‌ಬರ್ಗ್ ಮುಂದಾಳುತನದ ತಂಡ ರೂಪಿಸಿದ ಯಂತ್ರದಲ್ಲಿ ಎರಡು ಇಂಚು ಅಗಲದ ಟೇಪು ನಿಧಾನವಾಗಿ ಸಾಗಿದರೆ, ನಾಲ್ಕು ಹೆಡ್ಡುಗಳನ್ನು ಹೊತ್ತ ಚಕ್ರವು ನಿಮಿಷಕ್ಕೆ 14,400 ಸುತ್ತು ತಿರುಗುತ್ತ ಟೇಪಿನ ಅಗಲಕ್ಕೆ ಅಡ್ಡಡ್ಡವಾಗಿ ಚಿತ್ರವನ್ನು ಬರೆಯುತ್ತಿತ್ತು. ಟೇಪನ್ನು ಓಡಿಸುವುದರ ಬದಲು ಹೆಡ್ಡನ್ನು ಓಡಿಸಬಹುದು ಎಂಬ ಈ ತಿರುವು ವಿಡಿಯೊ ಇತಿಹಾಸದ ಅತಿ ದೊಡ್ಡ ಜಿಗಿತ. ಆದರೆ ಸುಮಾರು 50,000 ಡಾಲರ್ ಬೆಲೆಯ, ಕೋಣೆಯ ಮೂಲೆಯನ್ನೆಲ್ಲ ಆಕ್ರಮಿಸುವ ಆ ಯಂತ್ರ ಪ್ರಸಾರ ಕೇಂದ್ರಗಳ ಸೊತ್ತಾಗಿ ಉಳಿಯಿತು.

ಮನೆಗೆ ಬಂದದ್ದು ಆ ಉಪಾಯದ ಇನ್ನೊಂದು ರೂಪವಾದ ಓರೆ ಮುದ್ರಣ. ಇದರಲ್ಲಿ ಟೇಪು ಒಂದು ಹೊಳೆಯುವ ಲೋಹದ ಉರುಳೆಯನ್ನು, ಅಂದರೆ ಡ್ರಮ್ಮನ್ನು, ಅರ್ಧ ಸುತ್ತಿಗೂ ತುಸು ಹೆಚ್ಚು ಬಳಸಿಕೊಂಡು, ಸ್ವಲ್ಪ ಇಳಿಜಾರಾಗಿ ಸಾಗುತ್ತದೆ. ಡ್ರಮ್ಮಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಹೆಡ್ಡುಗಳಿದ್ದು, ಅವು ತಿರುಗುವಾಗ ಪ್ರತಿಯೊಂದೂ ಟೇಪಿನ ಕೆಳ ಅಂಚಿನ ಬಳಿಯಿಂದ ಮೇಲಂಚಿನ ಬಳಿಯವರೆಗೆ ಸುಮಾರು ಆರು ಡಿಗ್ರಿ ಓರೆಯಾದ ಒಂದು ಜಾಡನ್ನು ಬರೆಯುತ್ತದೆ. ಉದ್ದನೆಯ ಹೊಲದಲ್ಲಿ ಈ ತುದಿಯಿಂದ ಆ ತುದಿಗೆ ಒಂದೇ ಸಾಲು ಹೊಡೆಯುವ ಬದಲು ಬದುವಿನಿಂದ ಬದುವಿಗೆ ಓರೆಯಾಗಿ ಒತ್ತೊತ್ತು ಸಾಲು ಹೊಡೆದಂತೆ ಇದು.

ವಿಎಚ್‌ಎಸ್ ಎಂಬ ಪದ್ಧತಿಯ, ಭಾರತ ಮತ್ತು ಯುರೋಪಿನ ಬಹುಭಾಗದಲ್ಲಿದ್ದ ಪಾಲ್ ಟಿವಿ ವ್ಯವಸ್ಥೆಗೆ ಹೊಂದುವ ಯಂತ್ರದಲ್ಲಿ ಡ್ರಮ್ಮಿನ ವ್ಯಾಸ 62 ಮಿ.ಮೀ., ವೇಗ ಸೆಕೆಂಡಿಗೆ 25 ಸುತ್ತು. ಅರ್ಧ ಇಂಚು ಅಗಲದ ಟೇಪು ಸೆಕೆಂಡಿಗೆ ಬರಿಯ 23.39 ಮಿ.ಮೀ. ತೆವಳಿದರೂ ಹೆಡ್ಡು ಅದರ ಮೇಲೆ ಸೆಕೆಂಡಿಗೆ 4.85 ಮೀಟರ್ ಓಡುತ್ತದೆ; ಅಂದರೆ ‘ವೆರಾ’ದ ದೈತ್ಯ ಸುರುಳಿಗಳ ವೇಗಕ್ಕೆ ಸಮೀಪದ ವೇಗ ಅಂಗೈ ಮೇಲೆ ಹಿಡಿಯಬಹುದಾದ ಪೆಟ್ಟಿಗೆಯೊಳಗಿನ ಪಟ್ಟಿಯ ಮೇಲೆ ಸಿದ್ಧಿಸುತ್ತದೆ. ಸೆಕೆಂಡಿಗೆ 50 ಜಾಡುಗಳಂತೆ ಮೂರು ಗಂಟೆಯ ಸಿನಿಮಾಕ್ಕೆ 5,40,000 ಜಾಡುಗಳಾಗುತ್ತವೆ. ಅವನ್ನೆಲ್ಲ ಬಿಡಿಸಿ ಸಾಲಾಗಿ ಜೋಡಿಸಿದರೆ 52 ಕಿ.ಮೀ. ಉದ್ದವಾಗುತ್ತದೆ; ಟೇಪಿನ ಉದ್ದವಾದರೋ ಸುಮಾರು 250 ಮೀಟರ್ ಮಾತ್ರ. ಗೃಹಬಳಕೆಯ ಯಂತ್ರವೊಂದರಲ್ಲಿ, ಸಾಮಾನ್ಯ ಕುಟುಂಬದ ಕೈಗೆ ಎಟುಕುವಂತೆ ಇಂತಹ ನಿಖರತೆಯನ್ನು ತಂದಿಟ್ಟದ್ದು ಇಪ್ಪತ್ತನೆಯ ಶತಮಾನದ ಯಂತ್ರಶಿಲ್ಪದ ದೊಡ್ಡ ಸಾಧನೆಗಳಲ್ಲಿ ಒಂದು. ಅದಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಜಾಡುಗಳನ್ನು ಇಷ್ಟು ಒತ್ತಾಗಿ ಇಡಲು ಮತ್ತೊಂದು ಜಾಣ್ಮೆ ನೆರವಾಯಿತು. ಪ್ರತಿ ಜಾಡಿನ ಅಗಲ 49 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ 49 ಭಾಗ. ಜಾಡು ಜಾಡುಗಳ ನಡುವೆ ಖಾಲಿ ಜಾಗವೇ ಇಲ್ಲ. ಒಂದನ್ನು ಓದುವಾಗ ಪಕ್ಕದ್ದು ಬೆರೆತುಹೋಗದಂತೆ ಎರಡು ಹೆಡ್ಡುಗಳ ಸಂದುಗಳನ್ನು ವಿರುದ್ಧ ದಿಕ್ಕುಗಳಲ್ಲಿ ಆರಾರು ಡಿಗ್ರಿ ವಾಲಿಸಿರುತ್ತಾರೆ. ಒಂದು ಹೆಡ್ ಬರೆದದ್ದು ಬೇರೆ ಕೋನದಲ್ಲಿರುವ ಇನ್ನೊಂದಕ್ಕೆ ಬಹಳ ಕ್ಷೀಣವಾಗಿ ಮಾತ್ರ ಕೇಳಿಸುತ್ತದೆ.

ಇಷ್ಟಾದರೂ ಒಂದು ಕ್ಯಾಸೆಟ್ಟಿನಲ್ಲಿ ಎಷ್ಟು ಕಾಲ ಹಿಡಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. 1975ರಲ್ಲಿ ಸೋನಿ ಕಂಪನಿ ಬೀಟಾಮ್ಯಾಕ್ಸನ್ನು ಮಾರುಕಟ್ಟೆಗೆ ತಂದಾಗ ಅದರ ಅವಧಿ ಒಂದು ಗಂಟೆ. ಟಿವಿ ಕಾರ್ಯಕ್ರಮವನ್ನು ಮುದ್ರಿಸಿಕೊಂಡು ಆಮೇಲೆ ನೋಡುವುದೇ ಮುಖ್ಯ ಬಳಕೆ ಎಂದು ಭಾವಿಸಿದ್ದವರಿಗೆ ಅದು ಸಾಕೆನಿಸಿದ್ದು ಸಹಜ. ಮರುವರ್ಷ ಜೆವಿಸಿ ಕಂಪನಿ ಹೊರತಂದ ವಿಎಚ್‌ಎಸ್ ಯಂತ್ರಕ್ಕಾದರೆ ಆ ಕಂಪನಿಯ ಎಂಜಿನಿಯರುಗಳಾದ ಯೂಮಾ ಶಿರೈಶಿ ಮತ್ತು ಶಿಝುವೊ ಟಕಾನೊ ಮೊದಲೇ ಗೆರೆ ಎಳೆದಿದ್ದರು: ಕನಿಷ್ಠ ಎರಡು ಗಂಟೆ, ಅಂದರೆ ಒಂದು ಪೂರ್ಣ ಸಿನಿಮಾ, ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಸಬೇಕು. ಅಮೆರಿಕದ ಆರ್‌ಸಿಎ ಕಂಪನಿ ಅದಕ್ಕಿಂತ ಮುಂದೆ ಹೋಗಿ, ಅಲ್ಲಿನ ಫುಟ್‌ಬಾಲ್ ಪಂದ್ಯ ಪೂರ್ತಿಯಾಗಿ ಮುದ್ರಣವಾಗಬೇಕೆಂದು ಕೇಳಿದ್ದರಿಂದ ಟೇಪಿನ ವೇಗವನ್ನು ಅರ್ಧಕ್ಕಿಳಿಸಿ ನಾಲ್ಕು ಗಂಟೆ ಹಿಡಿಸುವ ವಿಧಾನವೂ 1977ರಲ್ಲಿ ಬಂತು. ಬೀಟಾಮ್ಯಾಕ್ಸ್ ಸೋತದ್ದಕ್ಕೆ ಬೆಲೆ, ಪರವಾನಗಿ, ಬಾಡಿಗೆ ಅಂಗಡಿಗಳ ಆಯ್ಕೆ ಹೀಗೆ ಹಲವು ಕಾರಣಗಳಿದ್ದರೂ ಮೊದಲ ಪೆಟ್ಟು ಬಿದ್ದದ್ದು ಅವಧಿಯ ವಿಷಯದಲ್ಲಿ ಎಂಬುದು ನಿಸ್ಸಂದೇಹ.

ಭಾರತದ ಸಿನಿಮಾಕ್ಕೆ ಈ ಲೆಕ್ಕ ಇನ್ನೂ ಅನುಕೂಲಕರವಾಗಿ ಒದಗಿಬಂತು. ಅಮೆರಿಕ, ಜಪಾನುಗಳ ಎನ್‌ಟಿಎಸ್‌ಸಿ ವ್ಯವಸ್ಥೆಯಲ್ಲಿ ಸೆಕೆಂಡಿಗೆ 60 ಅಗಲವಾದ ಜಾಡುಗಳು ಬೇಕಾದರೆ ಪಾಲ್ ವ್ಯವಸ್ಥೆಗೆ 50 ಕಿರಿದಾದ ಜಾಡುಗಳು ಸಾಕು. ಆದ್ದರಿಂದ ಅಲ್ಲಿ ಎರಡು ಗಂಟೆಗೆ ಮುಗಿಯುವಷ್ಟೇ ಉದ್ದದ ಟೇಪು ಇಲ್ಲಿ ಮೂರು ಗಂಟೆಯ ಹತ್ತಿರಕ್ಕೆ ಬರುತ್ತಿತ್ತು. ಅಂಗಡಿಗಳಲ್ಲಿ ‘ಇ-180’ ಎಂದು ಹೆಸರಾದ, 180 ನಿಮಿಷಗಳ ಕ್ಯಾಸೆಟ್ಟಿನೊಳಗೆ ಹಾಡು, ಹೊಡೆದಾಟ, ಹಾಸ್ಯಗಳಿಂದ ಎರಡೂವರೆ ಗಂಟೆಗೂ ಮೀರಿ ಬೆಳೆಯುವ ಕನ್ನಡ, ಹಿಂದಿ, ತಮಿಳು ಚಿತ್ರಗಳು ಹೆಚ್ಚಿನವು ಕುಳಿತುಕೊಂಡವು. 197 ನಿಮಿಷಗಳ ‘ಮುಘಲ್-ಎ-ಆಝಂ’ನಂತಹ ಚಿತ್ರಕ್ಕೆ ಮಾತ್ರ ಒಂದೋ ಇನ್ನೂ ಉದ್ದದ ಟೇಪು, ಇಲ್ಲವೇ ಎರಡನೆಯ ಕ್ಯಾಸೆಟ್, ಇಲ್ಲವೇ ಕತ್ತರಿ ಬೇಕಾಗುತ್ತಿತ್ತು. ಅಮೆರಿಕದಲ್ಲಿ 194 ನಿಮಿಷಗಳ ‘ಟೈಟಾನಿಕ್’ ಎರಡು ಕ್ಯಾಸೆಟ್ಟುಗಳಲ್ಲಿ ಬಂದದ್ದಕ್ಕೂ ಇದೇ ಕಾರಣ.

1982ರಲ್ಲಿ ದೂರದರ್ಶನದ ಬಣ್ಣದ ಪ್ರಸಾರ ಆರಂಭವಾದ ಮೇಲೆ ಕರ್ನಾಟಕದ ಪೇಟೆಗಳಲ್ಲಿ ಕ್ಯಾಸೆಟ್ ಲೈಬ್ರರಿಗಳೂ ವಿಡಿಯೊ ಪಾರ್ಲರುಗಳೂ ಹಬ್ಬಿದವು. ಕೊಲ್ಲಿ ದೇಶಗಳಲ್ಲಿ ದುಡಿಯುತ್ತಿದ್ದ ಕರಾವಳಿಯವರು ಊರಿಗೆ ಬರುವಾಗ ತಂದ ವಿಸಿಆರ್‌ಗಳು ನೆರೆಹೊರೆಯವರಿಗೆಲ್ಲ ಚಿತ್ರಮಂದಿರವಾದವು. ಸ್ವಂತದ್ದು ಇಲ್ಲದವರು ಟಿವಿ, ಮುದ್ರಿಸಲಾಗದ ಆದರೆ ತೋರಿಸಬಲ್ಲ ವಿಸಿಪಿ ಯಂತ್ರ ಮತ್ತು ಮೂರ್ನಾಲ್ಕು ಕ್ಯಾಸೆಟ್ಟುಗಳನ್ನು ಒಟ್ಟಾಗಿ ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿದ್ದರು. ಬಾಡಿಗೆ ಬೆಳಗ್ಗೆ ಮುಗಿಯುವುದರಿಂದ ಒಂದರ ಮೇಲೊಂದು ಸಿನಿಮಾ ನೋಡಿ ಬೆಳಗು ಮಾಡುವ ಪದ್ಧತಿ ಬೆಳೆಯಿತು.

ಅವರು ನೋಡಿದ ಚಿತ್ರದ ಗುಣವೂ ಮೂಲ ಸಮಸ್ಯೆಯಿಂದಲೇ ರೂಪುಗೊಂಡದ್ದು. ಅಷ್ಟು ಕಿರಿದಾದ ಜಾಡಿನಲ್ಲಿ ಟಿವಿ ಸಂಕೇತ ಪೂರ್ತಿಯಾಗಿ ಹಿಡಿಸದ ಕಾರಣ ಅದನ್ನು ಎರಡಾಗಿ ಸೀಳಲಾಗುತ್ತಿತ್ತು. ಬೆಳಕು ನೆರಳುಗಳ ಭಾಗವನ್ನು ಎಫ್‌ಎಂ ರೇಡಿಯೊ ತತ್ತ್ವದಂತೆ, ಹೊಳಪು ಹೆಚ್ಚಾದಷ್ಟೂ ಆವರ್ತನ ಏರುವ ಅಲೆಯಾಗಿ ಮಾರ್ಪಡಿಸಿದರೆ, ಬಣ್ಣದ ಭಾಗವನ್ನು ಸುಮಾರು 627 ಕಿಲೋಹರ್ಟ್ಸ್ ಎಂಬ ಬಹಳ ಕೆಳಗಿನ ಆವರ್ತನಕ್ಕೆ ಇಳಿಸಿ ಅದರ ಕೆಳಗೆ ತುರುಕಲಾಗುತ್ತಿತ್ತು. ಈ ಇಕ್ಕಟ್ಟಿನಲ್ಲಿ ಚಿತ್ರದ ಅಡ್ಡಸಾಲಿನ ಸೂಕ್ಷ್ಮತೆ ಸುಮಾರು 240 ಗೆರೆಗಳಿಗೆ ಇಳಿಯಿತು. ಬಣ್ಣಕ್ಕೆ ಅದಕ್ಕಿಂತಲೂ ಬಹಳ ಕಡಿಮೆ ಪಾಲು ಸಿಕ್ಕಿದ್ದರಿಂದ ಅದು ವಸ್ತುವಿನ ಅಂಚಿನಲ್ಲಿ ಥಟ್ಟನೆ ನಿಲ್ಲಲಾರದೆ ಹರಡಿತು. ಟೇಪಿನ ಅಂಚಿನುದ್ದಕ್ಕೂ ಬರೆದ ಧ್ವನಿಗೆ ಆಡಿಯೊ ಕ್ಯಾಸೆಟ್ಟಿನ ಅರ್ಧದಷ್ಟು ವೇಗ ಮಾತ್ರ ದೊರೆತ ಕಾರಣ ಹಾಡುಗಳ ಮೊನಚು ಮಾಯವಾಯಿತು. ಒಂದು ಪ್ರತಿಯಿಂದ ಮತ್ತೊಂದು, ಅದರಿಂದ ಇನ್ನೊಂದು ಎಂದು ನಕಲು ಮಾಡುತ್ತ ಹೋದಾಗ ಪ್ರತಿ ಸಲವೂ ಗದ್ದಲ ಕೂಡುತ್ತ ಹೋಗಿ, ಬಾಡಿಗೆಗೆ ಸಿಗುತ್ತಿದ್ದ ಎಷ್ಟೋ ಪ್ರತಿಗಳಲ್ಲಿ ನಟರ ಮುಖಗಳನ್ನು ಊಹಿಸಿಕೊಳ್ಳಬೇಕಿತ್ತು.

ಟೇಪಿನ ಇನ್ನೊಂದು ಅಂಚಿನಲ್ಲಿ ಸೆಕೆಂಡಿಗೆ 25 ಮಿಡಿತಗಳ ಒಂದು ನಿಯಂತ್ರಣ ಜಾಡು ಇರುತ್ತದೆ. ತಿರುಗುವ ಹೆಡ್ಡು ಜಾಡಿನ ಸರಿಯಾದ ನಡುಮಧ್ಯಕ್ಕೆ ಬರುವಂತೆ ಯಂತ್ರ ಈ ಮಿಡಿತಗಳಿಗೆ ತಾಳ ಹೊಂದಿಸಿಕೊಳ್ಳುತ್ತದೆ. ಒಂದು ಯಂತ್ರದಲ್ಲಿ ಮುದ್ರಿಸಿದ್ದನ್ನು ಇನ್ನೊಂದರಲ್ಲಿ ಹಾಕಿದಾಗ ಅಳತೆಗಳ ಅಲ್ಪ ವ್ಯತ್ಯಾಸದಿಂದ ಹೆಡ್ಡು ಪಕ್ಕದ ಜಾಡಿಗೆ ಕಾಲಿಡುತ್ತಿತ್ತು. ಟ್ರ್ಯಾಕಿಂಗ್ ಗುಂಡಿ ಆ ತಾಳವನ್ನು ತುಸು ಹಿಂದುಮುಂದು ಮಾಡುವ ಸಾಧನ. ಪಾಜ್ ಒತ್ತಿದಾಗ ಟೇಪು ನಿಂತರೂ ಡ್ರಮ್ ನಿಲ್ಲುವುದಿಲ್ಲ. ಮುದ್ರಿಸುವಾಗ ಟೇಪು ಚಲಿಸುತ್ತಿದ್ದುದರಿಂದ ಜಾಡಿನ ಕೋನ ಒಂದಾಗಿದ್ದರೆ, ನಿಂತ ಟೇಪಿನ ಮೇಲೆ ಹೆಡ್ಡು ಹೋಗುವ ದಾರಿಯ ಕೋನ ಕೂದಲೆಳೆಯಷ್ಟು ಬೇರೆ. ಅದು ಒಂದು ಜಾಡಿನಿಂದ ಇನ್ನೊಂದಕ್ಕೆ ದಾಟುವ ಕಡೆ ತೆರೆಯ ಮೇಲೆ ಗದ್ದಲದ ಪಟ್ಟೆ ಕಾಣುತ್ತದೆ. ಅದೇ ಜಾಗವನ್ನು ಹೆಡ್ಡುಗಳು ಎಡೆಬಿಡದೆ ಉಜ್ಜುವುದರಿಂದ ಕೆಲವು ನಿಮಿಷಗಳ ಬಳಿಕ ಯಂತ್ರ ತಾನಾಗಿಯೇ ಪಾಜ್ ಬಿಡಿಸುತ್ತಿತ್ತು.

ಉಜ್ಜುವಿಕೆ ಟೇಪಿಗೆ ಶತ್ರು. ಕಾಂತಕಣಗಳ ಲೇಪ ಚಿಕ್ಕ ಚಿಕ್ಕ ಚಕ್ಕೆಗಳಾಗಿ ಉದುರಿದ ಕಡೆ ಬಿಳಿಯ ಗೀರು ಹಾಯುತ್ತದೆ. ಉದುರಿದ ಪುಡಿ ಹೆಡ್ಡಿನ ಸಂದಿಗೆ ಮೆತ್ತಿಕೊಂಡರೆ ಚಿತ್ರವೇ ಮಾಯವಾಗಿ ಹೆಡ್ ಕ್ಲೀನಿಂಗ್ ಮಾಡಬೇಕಾಗುತ್ತದೆ. ಬಾಡಿಗೆ ಕ್ಯಾಸೆಟ್ಟುಗಳಲ್ಲಿ ಜನ ಮತ್ತೆ ಮತ್ತೆ ಹಿಂದೆ ತಿರುಗಿಸಿ ನೋಡಿದ ಹಾಡು, ಹೊಡೆದಾಟಗಳೇ ಎಲ್ಲಕ್ಕಿಂತ ಹೆಚ್ಚು ಸವೆದಿರುತ್ತಿದ್ದವು. ಹಿಂದೆ ನೋಡಿದವರ ಇಷ್ಟಾನಿಷ್ಟಗಳು ಹೀಗೆ ವಸ್ತುವಿನ ಮೇಲೆಯೇ ದಾಖಲಾಗಿ ಮುಂದೆ ನೋಡುವವರಿಗೆ ಕಾಣಿಸುತ್ತಿದ್ದುದು ಆ ಮಾಧ್ಯಮದ ಅನನ್ಯ ಗುಣ; ಇಂದು ಜನ ಹಂಬಲಿಸುವುದು ಬಹುಶಃ ಅದನ್ನೇ, ಏಕೆಂದರೆ ಡಿಜಿಟಲ್ ಪ್ರತಿಯಲ್ಲಿ ಮೊದಲ ವೀಕ್ಷಕನಿಗೂ ಲಕ್ಷದ ವೀಕ್ಷಕನಿಗೂ ಕಾಣುವ ಚಿತ್ರ ಒಂದೇ. ರಿವೈಂಡ್ ಆಗುವ ಕೆಲವು ನಿಮಿಷಗಳ ಕಾಯುವಿಕೆಯೂ ಇದೇ ಬಗೆಯದು. ಡಿವಿಡಿಯಲ್ಲಿ ಬೇಕಾದ ದೃಶ್ಯಕ್ಕೆ ನೇರವಾಗಿ ಹಾರಬಹುದು. ಟೇಪಿನಲ್ಲಿ ನಡುವಿನ ಅಷ್ಟೂ ಉದ್ದವನ್ನು ಸುತ್ತಿಯೇ ಹೋಗಬೇಕು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಎಡದ ಸುರುಳಿ ಕರಗಿ ಬಲದ್ದು ದಪ್ಪವಾಗುವುದನ್ನು ನೋಡಿ ಇನ್ನೆಷ್ಟು ಸಿನಿಮಾ ಬಾಕಿ ಇದೆಯೆಂದು ಮಕ್ಕಳು ಕೂಡ ಅಂದಾಜು ಮಾಡಬಲ್ಲವರಾಗಿದ್ದರು.

ವಿಸಿಆರ್ ತಯಾರಿಸುತ್ತಿದ್ದ ಕೊನೆಯ ದೊಡ್ಡ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಉತ್ಪಾದನೆ ನಿಲ್ಲಿಸಿತು. ಸಿನಿಮಾಗಳ ಮಟ್ಟಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಅವುಗಳಲ್ಲಿ ಬಹಳಷ್ಟಕ್ಕೆ ಬೇರೆ ಪ್ರತಿಗಳಿವೆ. ನಿಜವಾದ ಆತಂಕವಿರುವುದು ಅದೇ ಕ್ಯಾಸೆಟ್ಟುಗಳಲ್ಲಿ ಮುದ್ರಿತವಾದ ಮದುವೆಗಳು, ಊರಿನ ಜಾತ್ರೆಗಳು, ರಾತ್ರಿಯಿಡೀ ನಡೆದ ಯಕ್ಷಗಾನ, ಬಯಲಾಟಗಳ ಬಗ್ಗೆ. ಕಣಗಳನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ವಿಘಟನೆಗೊಳ್ಳುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಟ್ಟುತ್ತದೆ, ಅಂಥದನ್ನು ಯಂತ್ರಕ್ಕೆ ಹಾಕಿದರೆ ಹೆಡ್ಡೂ ಕೆಡುತ್ತದೆ. ಕಾಂತೀಯ ಟೇಪುಗಳ ಉಳಿವಿನ ಬಗ್ಗೆ 2019ರಲ್ಲಿ ಯುನೆಸ್ಕೊ ಎಚ್ಚರಿಕೆ ನೀಡಿದ್ದು ಟೇಪಿನ ಸವೆತಕ್ಕಾಗಿ ಮಾತ್ರವಲ್ಲ, ಅದನ್ನು ಓದಬಲ್ಲ ಯಂತ್ರಗಳೂ ಬಿಡಿಭಾಗಗಳೂ ಸಿಗದಂತಾಗುತ್ತಿರುವುದಕ್ಕಾಗಿಯೂ ಹೌದು. ಡಿಜಿಟಲ್ ಕಡತಗಳನ್ನು ಕ್ಷಣಾರ್ಧದಲ್ಲಿ ನಕಲಿಸುವ ಇಂದಿನ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮನೆಯ ವಿಸಿಆರ್ ಮೂರು ಗಂಟೆಯ ಟೇಪನ್ನು ಓದಿ ಕಂಪ್ಯೂಟರಿಗೆ ಒಪ್ಪಿಸಲು ಪೂರ್ತಿ ಮೂರು ಗಂಟೆಯನ್ನೇ ತೆಗೆದುಕೊಳ್ಳುತ್ತದೆ, ಮತ್ತು ಕಪಾಟುಗಳಲ್ಲಿ ಉಳಿದಿರುವ ಕ್ಯಾಸೆಟ್ಟುಗಳ ಒಟ್ಟು ಗಂಟೆಗಳಿಗೆ ಹೋಲಿಸಿದರೆ ಕೆಲಸ ಮಾಡುವ ಸ್ಥಿತಿಯಲ್ಲಿರುವ ಹೆಡ್ಡುಗಳು ಬಹಳ ಕಡಿಮೆ.