ಹರಳುಗಳು ಯಾವ ಕಡೆ ಮುಖ ಮಾಡಿವೆ?

ಒಂದು ಕಲ್ಲಿನಲ್ಲಿ ಯಾವ ಯಾವ ಖನಿಜಗಳಿವೆ ಎಂದು ತಿಳಿದರೆ ಅದರ ಅರ್ಧ ಕಥೆ ಸಿಕ್ಕಂತೆ. ಉಳಿದರ್ಧ ಇರುವುದು ಹರಳುಗಳ ಗಾತ್ರ, ಆಕಾರ ಮತ್ತು ಅವು ಮುಖ ಮಾಡಿರುವ ದಿಕ್ಕಿನಲ್ಲಿ. ಕಲ್ಲು ಎಂಥ ಒತ್ತಡ ತಿಂದಿದೆ, ಯಾವ ಕಡೆಗೆ ಸರಿದಿದೆ ಎಂಬುದರ ದಾಖಲೆ ಅಲ್ಲಿದೆ.

ಆ ದಾಖಲೆ ಓದುವ ದಾರಿ ತೋರಿದವರಲ್ಲಿ ಮೊದಲಿಗರು ಇಂಗ್ಲೆಂಡಿನ ಷೆಫೀಲ್ಡ್‌ನ ಹೆನ್ರಿ ಕ್ಲಿಫ್ಟನ್ ಸೋರ್ಬಿ. 19ನೇ ಶತಮಾನದ ನಡುಭಾಗದಲ್ಲಿ ಅವರು ಕಲ್ಲಿನ ಚೂರನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರು. ಭೂವಿಜ್ಞಾನಿಗಳು ಇಂದಿಗೂ ಹಾಗೇ ಮಾಡುತ್ತಾರೆ. ಚೂರಿನ ದಪ್ಪ 0.03 ಮಿಲಿಮೀಟರ್. ಅದರ ಕೆಳಗೊಂದು, ಮೇಲೊಂದು ಪೋಲರಾಯ್ಡ್ ಫಲಕವನ್ನು ಒಂದಕ್ಕೊಂದು ಅಡ್ಡಲಾಗಿ ಇಟ್ಟು ನೋಡಿದರೆ ಬೆಣಚುಕಲ್ಲಿನ ಹರಳುಗಳು ಬೂದು, ಬಿಳಿ ಛಾಯೆಗಳಲ್ಲಿ ಕಾಣುತ್ತವೆ. ಚೂರನ್ನು ಒಂದು ಸುತ್ತು ತಿರುಗಿಸಿದರೆ ಪ್ರತಿ ಹರಳೂ ಸಾಮಾನ್ಯವಾಗಿ ನಾಲ್ಕು ಸಲ ಕಪ್ಪಾಗುತ್ತದೆ. ಒತ್ತಡ ಕಾಣದ ಹರಳು ಇಡಿಯಾಗಿ ಒಮ್ಮೆಗೇ ಕಪ್ಪಾದರೆ, ಒತ್ತಡಕ್ಕೆ ಸಿಕ್ಕಿ ಬಾಗಿದ ಹರಳಿನಲ್ಲಿ ನೆರಳು ಒಂದು ಅಂಚಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸರಿಯುತ್ತದೆ.

ಬಿಸಿಯಾದ ಕಲ್ಲು ಕರಗದೆಯೂ ಹರಿಯಬಲ್ಲದು. ಹರಳಿನೊಳಗೆ ಪರಮಾಣುಗಳ ಪದರಗಳು ಇಸ್ಪೀಟ್ ಎಲೆಗಳ ಕಟ್ಟಿನಂತೆ ಒಂದರ ಮೇಲೊಂದು ಜಾರುತ್ತವೆ. ಜಾರುತ್ತ ಜಾರುತ್ತ ಹರಳು ತಿರುಗುತ್ತದೆ. ಲಕ್ಷಾಂತರ ವರ್ಷ ಹೀಗೆ ನಡೆದರೆ ಬಹುಪಾಲು ಹರಳುಗಳು ಒಂದೇ ದಿಕ್ಕಿಗೆ ಹೊಂದಿಕೊಳ್ಳುತ್ತವೆ.

ಭೂಮಿಯ ಹೊರಚಿಪ್ಪಿನ ಕೆಳಗಿರುವ ಮ್ಯಾಂಟಲ್ ಪದರದ ಮೇಲ್ಭಾಗದಲ್ಲಿ ಹೇರಳವಾಗಿರುವ ಒಲಿವಿನ್ ಎಂಬ ಖನಿಜ ಇದಕ್ಕೆ ದೊಡ್ಡ ಉದಾಹರಣೆ. ಈ ಹರಳಿನಲ್ಲಿ ಭೂಕಂಪದ ಪ್ರಾಥಮಿಕ ಅಲೆ ಒಂದು ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು 9.9 ಕಿಲೋಮೀಟರ್, ಮತ್ತೊಂದು ದಿಕ್ಕಿನಲ್ಲಿ ಸುಮಾರು 7.7 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಪೆಸಿಫಿಕ್ ಸಾಗರದ ತಳದಡಿಯಲ್ಲಿ ಅಲೆಗಳ ವೇಗ ದಿಕ್ಕಿಗೆ ತಕ್ಕಂತೆ ಬದಲಾಗುವುದಕ್ಕೆ ಒಲಿವಿನ್ ಹರಳುಗಳು ಸಾಲುಗೂಡಿರುವುದೇ ಕಾರಣ ಎಂದು 1964ರಲ್ಲಿ ಅಮೆರಿಕದ ಹ್ಯಾರಿ ಹೆಸ್ ವಿವರಿಸಿದರು. ಯಾವ ಕೊಳವೆಯೂ ಇಳಿಯದ ಆಳದಲ್ಲಿ ಬಂಡೆ ಯಾವ ಕಡೆಗೆ ಹರಿದಿದೆ ಎಂಬುದನ್ನು ಭೂಕಂಪದ ಅಲೆಗಳಿಂದಲೇ ಊಹಿಸುವ ವಿದ್ಯೆ ಇಂದು ಬಹಳ ಬೆಳೆದಿದೆ.

ಈಗ ಹರಳಿನ ದಿಕ್ಕನ್ನು ನೇರವಾಗಿ ಅಳೆಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿದೆ. ನುಣುಪಾಗಿ ಉಜ್ಜಿದ ಮಾದರಿಯನ್ನು 70 ಡಿಗ್ರಿ ಓರೆಯಾಗಿಟ್ಟು ಎಲೆಕ್ಟ್ರಾನ್ ಕಿರಣ ಹಾಯಿಸಿದರೆ ಪರದೆಯ ಮೇಲೆ ಒಂದನ್ನೊಂದು ಕತ್ತರಿಸುವ ಪಟ್ಟಿಗಳು ಮೂಡುತ್ತವೆ. ಇಂಥ ಪಟ್ಟಿಗಳನ್ನು 1928ರಲ್ಲಿ ಗುರುತಿಸಿದ ಜಪಾನಿನ ಸೇಶಿ ಕಿಕುಚಿ ಅವರ ಹೆಸರೇ ಅವಕ್ಕಿದೆ. ಪಟ್ಟಿಗಳ ನಡುವಿನ ಕೋನಗಳನ್ನು ಲೆಕ್ಕ ಹಾಕಿ ಕಂಪ್ಯೂಟರು ಆ ಬಿಂದುವಿನಲ್ಲಿ ಹರಳು ಎತ್ತ ತಿರುಗಿದೆ ಎಂದು ಹೇಳುತ್ತದೆ. ಬಿಂದುವಿನಿಂದ ಬಿಂದುವಿಗೆ ಸಾಗಿದಂತೆ ಇಡೀ ಮಾದರಿಯ ಬಣ್ಣದ ನಕ್ಷೆ ಸಿದ್ಧವಾಗುತ್ತದೆ.

ಹರಳುಗಳು ಒಂದೇ ದಿಕ್ಕಿಗೆ ಹೊಂದಿಕೊಳ್ಳುವ ನಿಯಮ ಲೋಹಕ್ಕೂ ಅನ್ವಯಿಸುತ್ತದೆ. ಉಕ್ಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವ ಪದ್ಧತಿಗೆ 1860ರ ದಶಕದಲ್ಲಿ ದಾರಿ ಹಾಕಿದವರೂ ಸೋರ್ಬಿಯವರೇ. ಕಬ್ಬಿಣದ ಘನಾಕಾರದ ಹರಳು ತನ್ನ ಅಂಚಿನ ದಿಕ್ಕಿನಲ್ಲಿ ಅತಿ ಸುಲಭವಾಗಿ ಕಾಂತವಾಗುತ್ತದೆ. ಸುಮಾರು ಶೇ 3ರಷ್ಟು ಸಿಲಿಕಾನ್ ಬೆರೆತ ಉಕ್ಕನ್ನು ತಗಡಾಗಿ ಲಟ್ಟಿಸಿ, ಕಾಯಿಸಿ, ಆ ಅಂಚುಗಳು ಲಟ್ಟಿಸಿದ ದಿಕ್ಕಿಗೇ ಹೊಂದುವಂತೆ ಮಾಡುವ ವಿಧಾನಕ್ಕೆ 1934ರಲ್ಲಿ ಅಮೆರಿಕದ ನಾರ್ಮನ್ ಗಾಸ್ ಪೇಟೆಂಟ್ ಪಡೆದರು. ಇಂದು ವಿದ್ಯುತ್ ಟ್ರಾನ್ಸ್‌ಫಾರ್ಮರುಗಳ ತಿರುಳಿಗೆ ಹೆಚ್ಚಾಗಿ ಬಳಸುವುದು ಈ ಬಗೆಯ ತಗಡನ್ನೇ. ಅದರಿಂದ ಬಿಸಿಯಾಗಿ ಪೋಲಾಗುವ ವಿದ್ಯುತ್ ಕಡಿಮೆಯಾಗುತ್ತದೆ. ಭೂಮಿ ಯುಗಗಟ್ಟಲೆ ಒತ್ತಿ, ಕಾಯಿಸಿ ಮಾಡುವ ಜೋಡಣೆಯನ್ನು ಕಾರ್ಖಾನೆ ತನ್ನ ರೋಲರು ಮತ್ತು ಕುಲುಮೆಗಳಲ್ಲಿ ಮಾಡುತ್ತದೆ. ಆದ್ದರಿಂದಲೇ ಬಂಡೆಯನ್ನು ಓದುವವರೂ ಉಕ್ಕನ್ನು ರೂಪಿಸುವವರೂ ಒಂದೇ ಉಪಕರಣ ಹಿಡಿದು, ಒಂದೇ ಗಣಿತ ಬಳಸಿ ಕೆಲಸ ಮಾಡುತ್ತಾರೆ. ಒಬ್ಬರು ಕಂಡುಕೊಂಡದ್ದು ಇನ್ನೊಬ್ಬರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.