ಅನ್ನ ಬಿಡಬೇಡಿ, ಸೌಟು ಎಣಿಸಿ

ಈ ವಾರದ ವಿಷಯ: *ತೂಕ ಇಳಿಸುವುದು, ಇಳಿದದ್ದನ್ನು ಉಳಿಸಿಕೊಳ್ಳುವುದು.*

ಚೆನ್ನೈನ ನಮ್ಮ ಮನೆಗಳಲ್ಲಿ ತೂಕದ ಮಾತು ಬಂದರೆ ಮೊದಲು ಬೈಸಿಕೊಳ್ಳುವುದು ಅನ್ನ. "ನಾಳೆಯಿಂದ ಅನ್ನ ಬಂದ್" ಅಂತ ಶುರುವಾಗುತ್ತದೆ, ಹದಿನೈದು ದಿನದಲ್ಲಿ ಮೂರು ಕಿಲೋ ಇಳಿಯುತ್ತದೆ, ಹಬ್ಬದ ಹೊತ್ತಿಗೆ ನಾಲ್ಕು ಕಿಲೋ ವಾಪಸ್. ಮೊದಲ ವಾರ ಇಳಿಯುವುದರಲ್ಲಿ ಬಹಳಷ್ಟು ನೀರು. ಆಮೇಲೆ, ಪ್ರೋಟೀನ್ ಸಾಲದೆ ಉಪವಾಸ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ವಾಪಸ್ ಬರುವಾಗ ಹೆಚ್ಚಾಗಿ ಬರುವುದು ಕೊಬ್ಬು ಮಾತ್ರ. ನಲವತ್ತು ದಾಟಿದವರಿಗೆ ಇದು ನಷ್ಟದ ವ್ಯಾಪಾರ.

ನಮ್ಮ ಊರಿನದೇ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್, ಐಸಿಎಂಆರ್ ಜೊತೆ ದೇಶವಿಡೀ ಸಮೀಕ್ಷೆ ಮಾಡಿದೆ. 2023ರಲ್ಲಿ ಅದು ಹೇಳಿದ ಲೆಕ್ಕ: ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ. 2025ರ ವರದಿಯಲ್ಲಿ ಇನ್ನೊಂದು ಅಂಶ ಬಂತು. ನಾವು ತಿನ್ನುವ ಕ್ಯಾಲೊರಿಯಲ್ಲಿ ಸುಮಾರು 62% ಅನ್ನ, ಗೋಧಿ, ಸಕ್ಕರೆಯಂಥ ಪಿಷ್ಟದಿಂದ; ಪ್ರೋಟೀನ್ ಪಾಲು 12%ರ ಆಸುಪಾಸು. ಪಿಷ್ಟದಲ್ಲಿ ಬರೀ 5% ತೆಗೆದು ಬೇಳೆಕಾಳು ಅಥವಾ ಹಾಲು-ಮೊಸರಿನ ಪ್ರೋಟೀನ್ ಸೇರಿಸಿದರೂ ಸಕ್ಕರೆ ಕಾಯಿಲೆಯ ಸಾಧ್ಯತೆ ಕಡಿಮೆ ಎಂದು ಆ ಲೆಕ್ಕ ತೋರಿಸಿತು. ಅನ್ನ ಬಿಡಿ ಎಂದು ಅದು ಹೇಳಲಿಲ್ಲ, ಗಮನಿಸಿ.

ಈಗ ನಮ್ಮ ತಟ್ಟೆ ನೋಡೋಣ. ಬೆಳಿಗ್ಗೆ 4 ಇಡ್ಲಿ, ಮಧ್ಯಾಹ್ನ 300 ಗ್ರಾಂ ಅನ್ನ, ಸಾಂಬಾರ್, ಪಲ್ಯ, ಮೊಸರು, ರಾತ್ರಿ 3 ಚಪಾತಿ, ಎರಡು ಕಾಫಿ. ಹೊಟ್ಟೆ ತುಂಬಿತು, ಆದರೆ ಪ್ರೋಟೀನ್ 45 ಗ್ರಾಂ ಆದರೆ ಹೆಚ್ಚು. ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು ಎನ್ನುತ್ತದೆ ಐಸಿಎಂಆರ್. ಅಂದರೆ 68 ಕಿಲೋ ಇರುವವರಿಗೆ 56 ಗ್ರಾಂ. ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ 70ರ ಹತ್ತಿರ ಇದ್ದರೆ ಒಳ್ಳೆಯದು.

ಪೌಡರ್ ಡಬ್ಬಿ ಬೇಕಿಲ್ಲ. ಮರೀನಾದಲ್ಲಿ ಕಾಗದದ ಪೊಟ್ಟಣದಲ್ಲಿ ಕೊಡುವ ಸುಂಡಲ್ ನಮ್ಮ ಗುಗ್ಗರಿಯ ತಂಗಿ ತಾನೇ! ಸಂಜೆಯ 50 ಗ್ರಾಂ ಮುರುಕ್ಕು ಸುಮಾರು 250 ಕ್ಯಾಲೊರಿ. ಅದರ ಬದಲು 40 ಗ್ರಾಂ ಕಾಳು ಬೇಯಿಸಿ ಒಗ್ಗರಣೆ ಹಾಕಿದರೆ 170ರಲ್ಲಿ ಮುಗಿಯುತ್ತದೆ, 9 ಗ್ರಾಂ ಪ್ರೋಟೀನ್ ಬೇರೆ. ಇಲ್ಲಿನ ಅಂಗಡಿಯಲ್ಲಿ ಹುರುಳಿಯನ್ನು 'ಕೊಳ್ಳು', ಅಲಸಂದೆಯನ್ನು 'ಕಾರಾಮಣಿ', ಅವರೆಯನ್ನು 'ಮೊಚ್ಚೈ' ಎಂದು ಕೇಳಿ. ಮಧ್ಯಾಹ್ನದ ಅನ್ನ ಅರ್ಧ ಮಾಡಿ, 30 ಗ್ರಾಂ ಸೋಯಾ ಚಂಕ್ಸ್ (15 ಗ್ರಾಂ ಪ್ರೋಟೀನ್) ಅಥವಾ ಎರಡು ಮೊಟ್ಟೆ (12 ಗ್ರಾಂ), ಮೀನು ತಿನ್ನುವವರು 100 ಗ್ರಾಂ ಮೀನು (20 ಗ್ರಾಂ) ಸೇರಿಸಿ. ಮುದ್ದೆಯಿಂದ ಪ್ರೋಟೀನ್ ಬರುತ್ತದೆ ಎಂದು ನಂಬಿರುವ ಹಿರಿಯರಿಗೆ ಬೇಸರವಾದೀತು: ರಾಗಿಯಲ್ಲಿ ಕ್ಯಾಲ್ಸಿಯಂ, ನಾರು ಧಾರಾಳ, ಪ್ರೋಟೀನ್ ಮಾತ್ರ ಅಕ್ಕಿಯಷ್ಟೇ.

ಒಂದು ಮಾತು. ಇವನ್ನೆಲ್ಲ ಇದ್ದ ಊಟದ *ಮೇಲೆ* ಸೇರಿಸಿದರೆ ತೂಕ ಏರುತ್ತದೆ. ಅದಕ್ಕೇ ಲೆಕ್ಕ ಬೇಕು. ಆ್ಯಪ್‌ನಲ್ಲಿ 'ಒಂದು ಕಪ್' ಎಂದು ಒತ್ತಿದರೆ ಯಾವ ಕಪ್? 100 ಗ್ರಾಂ ಅಕ್ಕಿ 350 ಕ್ಯಾಲೊರಿ, 100 ಗ್ರಾಂ ಅನ್ನ 130. ಇವೆರಡು ಅದಲುಬದಲಾದರೆ ಲೆಕ್ಕವೇ ಬುಡಮೇಲು. ಅಡುಗೆ ತಕ್ಕಡಿಯಲ್ಲಿ ನಿಮ್ಮ ಮನೆಯ ಸೌಟಿನ ಅನ್ನ, ಸೌಟಿನ ಸಾಂಬಾರ್ ಒಮ್ಮೆ ತೂಗಿಡಿ. ಆಮೇಲೆ ಸೌಟು ಎಣಿಸಿದರೆ ಸಾಕು. ಎರಡು ವಾರ ಬರೆದಿಟ್ಟರೆ ಕಣ್ಣಿಗೇ ಅಂದಾಜು ಸಿಗುತ್ತದೆ.

ಎಣ್ಣೆಯನ್ನು ಯಾರೂ ಬರೆಯುವುದಿಲ್ಲ. ನಾಲ್ಕು ಜನರ ಮನೆಗೆ ತಿಂಗಳಿಗೆ 4 ಲೀಟರ್ ಎಂದರೆ ತಲೆಗೆ ದಿನಕ್ಕೆ 270 ಕ್ಯಾಲೊರಿ. ಎರಡೂವರೆ ಲೀಟರಿಗೆ ಇಳಿಸಿದರೆ ಪ್ರತಿಯೊಬ್ಬರಿಗೂ ದಿನಕ್ಕೆ 100 ಉಳಿತಾಯ, ಯಾರ ತಟ್ಟೆಯಲ್ಲೂ ಒಂದು ತುತ್ತು ಕಡಿಮೆಯಾಗದೆ. ಒಟ್ಟು ದಿನಕ್ಕೆ 300-400 ಕಡಿಮೆಯಾದರೆ ತಿಂಗಳಿಗೆ ಒಂದು, ಒಂದೂವರೆ ಕಿಲೋ. ನಿಧಾನ ಅನ್ನಿಸುತ್ತದೆ, ಇರಲಿ.

⚠️ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನ ಕಡಿಮೆ ಮಾಡುವ ಮೊದಲೇ ಅವರಿಗೆ ತಿಳಿಸಿ; ಡೋಸ್ ಬದಲಿಸದಿದ್ದರೆ ಸಕ್ಕರೆ ಏಕಾಏಕಿ ಕುಸಿಯಬಹುದು.